ಫೋನ್‌ಪೇ ಕಾಲದಲ್ಲಿ ಚಿಲ್ಲರೆ ಎಣಿಸೋದು ಯಾಕೆ ಮಿಸ್?

ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಇದನ್ನೇ ವಾಟ್ಸಾಪ್ ಮಾಡಿ ಸುಮ್ಮನಾಗುತ್ತೇನೆ.

ನಾನು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಮಿಸ್. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ನನ್ನ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಪೋಷಕರ ಸಭೆಯಲ್ಲಿ ನನಗೆ ಸಿಗುವ ಪ್ರಶ್ನೆ ಇದು: "ಈಗೆಲ್ಲ ಫೋನ್‌ಪೇ ಅಲ್ವಾ ಮಿಸ್, ಮಕ್ಕಳಿಗೆ ಚಿಲ್ಲರೆ ಎಣಿಸೋದು ಸುಮ್ನೆ ಯಾಕೆ ಹೇಳ್ಕೊಡ್ತೀರಾ? ಇವತ್ತು ಯಾವ ವಾರ ಅಂತಾನೂ ಫೋನೇ ತೋರಿಸುತ್ತಲ್ಲ?"

ಆ "ಸುಮ್ನೆ" ಇದೆಯಲ್ಲ, ಅದು ನನಗೆ ಆಗಿಬರುವುದಿಲ್ಲ.

ಚಿಕ್ಕ ಉತ್ತರ: ಆರು ವರ್ಷದ ಮಗುವಿನ ಕೈಲಿ ಫೋನ್ ಇಲ್ಲ, ಇರಲೂಬಾರದು. ಅದು ಅಂಗಡಿಗೆ ಹೋಗುವುದು 5 ರೂಪಾಯಿ ಹಿಡಿದುಕೊಂಡು. ಇಷ್ಟು ಸಾಕು ಅನ್ನುವವರು ಇಲ್ಲೇ ಎದ್ದು ಹೋಗಬಹುದು.

ಉದ್ದದ ಉತ್ತರಕ್ಕೆ ನಮ್ಮ ಮಕ್ಕಳ ಸಂತೆಯ ಕಥೆ ಹೇಳಬೇಕು. ಶಾಲೆಯ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಮಕ್ಕಳು ಮನೆಯಿಂದ ತಂದ ಸೊಪ್ಪು, ನಿಂಬೆಹಣ್ಣು, ತೆಂಗಿನಕಾಯಿ ಮಾರುತ್ತಾರೆ. ಕೊಳ್ಳುವವರು ಊರಿನವರೇ. ಸಂತೆಗೆ ಮುಂಚೆ ಒಂದು ವಾರ ನಮಗೆ ಚಿಲ್ಲರೆ ಕೊಡುವ ಅಭ್ಯಾಸವೇ ಅಭ್ಯಾಸ. 20ರಲ್ಲಿ 13 ಕಳೆ ಅಂದರೆ ಮುಖ ಸಣ್ಣ ಮಾಡುವ ಮಕ್ಕಳು, ಅಂಗಡಿಯವರ ಹಾಗೆ ಮೇಲಕ್ಕೆ ಎಣಿಸು ಅಂದರೆ ಮಾಡಿಬಿಡುತ್ತಾರೆ. ಹದಿಮೂರು. ಒಂದು ರೂಪಾಯಿ ಇಟ್ಟರೆ ಹದಿನಾಲ್ಕು. ಇನ್ನೊಂದು ಇಟ್ಟರೆ ಹದಿನೈದು. ಐದರ ಕಾಯಿನ್ ಇಟ್ಟರೆ ಇಪ್ಪತ್ತು. ತಗೊಳ್ಳಿ ಚಿಲ್ಲರೆ.

ಸಂತೆಯ ಬೆಳಿಗ್ಗೆ ಎರಡನೇ ತರಗತಿಯ ಹುಡುಗಿಯೊಬ್ಬಳ ಅಪ್ಪ ಬಂದರು. ತಮ್ಮ ಕ್ಯೂಆರ್ ಕೋಡನ್ನು ಪ್ರಿಂಟ್ ತೆಗೆಸಿಕೊಂಡು ಬಂದು ಅವಳ ಸೊಪ್ಪಿನ ಬುಟ್ಟಿಗೆ ಅಂಟಿಸಿದರು. ನನ್ನ ಕಡೆ ತಿರುಗಿ ಆ ಪ್ರಶ್ನೆ ಕೇಳಿದವರೂ ಅವರೇ. "ಸುಮ್ನೆ" ಸಮೇತ. ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೇನು ಮಾಡಲಿ.

ಕಂತೆಗೆ 10 ರೂಪಾಯಿಯ ಹಾಗೆ 14 ಕಂತೆ ಸೊಪ್ಪು ಖಾಲಿ. ಸಾಯಂಕಾಲ ಹುಡುಗಿ ಡಬ್ಬಿ ಮಗುಚಿ ಎಣಿಸಿದಳು. 30 ರೂಪಾಯಿ. ಮತ್ತೆ ಎಣಿಸಿದಳು. ಅಷ್ಟೇ. ಪಕ್ಕದಲ್ಲಿ ನಿಂಬೆಹಣ್ಣು ಮಾರಿದವನ ಡಬ್ಬಿ ಗಲಗಲ ಅನ್ನುತ್ತಿತ್ತು. ಇವಳು ಜೋರಾಗಿ ಅಳತೊಡಗಿದಳು. ಯಾರೋ ದುಡ್ಡು ಕೊಡದೆ ಸೊಪ್ಪು ಒಯ್ದಿದ್ದಾರೆ ಅನ್ನುವುದು ಅವಳ ದೂರು. ಅಪ್ಪ ಫೋನ್ ತೋರಿಸಿದರು. "ನೋಡು ಪುಟ್ಟಿ, ನೂರಾ ಹತ್ತು ಬಂದಿದೆ."

"ಎಲ್ಲಿ?"

"ಬ್ಯಾಂಕಲ್ಲಿ."

"ಮಾರಿದ್ದು ನಾನು. ಬ್ಯಾಂಕಿಗೆ ಯಾಕೆ ಹೋಯ್ತು?"

ಅಪ್ಪನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಹತ್ತಿರವೂ ಇರಲಿಲ್ಲ. ದುಡ್ಡು ಕೈ ಬದಲಾಗುವುದನ್ನು ಈ ಮಕ್ಕಳು ನೋಡುವುದೇ ಕಡಿಮೆ. ಅಂಗಡಿಯಲ್ಲಿ ಸ್ಕ್ಯಾನ್. ಬಸ್ಸಿನಲ್ಲಿ 2023ರ ಜೂನ್‌ನಿಂದ ಅಮ್ಮನಿಗೆ ಟಿಕೆಟ್ ಉಚಿತ (ಬೇಡ ಅನ್ನುತ್ತಿಲ್ಲ, ನಾನೂ ಅದರಲ್ಲೇ ಓಡಾಡುತ್ತೇನೆ). ಕೊಟ್ಟರೆ ಕಡಿಮೆಯಾಗುತ್ತೆ, ಪಡೆದರೆ ಜಾಸ್ತಿಯಾಗುತ್ತೆ ಅನ್ನುವುದು ಅವರಿಗೆ ಕಾಣುವುದಾದರೂ ಎಲ್ಲಿ?

ಹೋಗಲಿ. ಯಾಕೆ ಕಲಿಸ್ತೀರಾ ಅನ್ನುವುದನ್ನು ಬಿಟ್ಟು, "ಮಕ್ಕಳು ಎಲ್ಲಿ ಎಡವುತ್ತಾರೆ ಮಿಸ್?" ಅಂತ ಒಬ್ಬರಾದರೂ ಕೇಳಬಾರದಾ? ಹಾಗೆ ಕೇಳಿದವರಿಗೆ ನಾನೇ ಕಾಫಿ ಕುಡಿಸಿ ಹೇಳುತ್ತೇನೆ.

ಎಡವುವುದು ಎಣಿಕೆಯಲ್ಲಿ ಅಲ್ಲ. ಒಂದು ಕೈಯಲ್ಲಿ 5 ರೂಪಾಯಿಯ ಒಂದು ಕಾಯಿನ್, ಇನ್ನೊಂದು ಕೈಯಲ್ಲಿ 1 ರೂಪಾಯಿಯ ಮೂರು ಹಿಡಿಯಿರಿ. ಒಂದನೇ ತರಗತಿಯ ಮಗು ಮೂರನ್ನು ಬಾಚಿಕೊಳ್ಳುತ್ತದೆ. ಅದು ದಡ್ಡತನ ಅಲ್ಲ. ಅಲ್ಲಿಯವರೆಗೂ ಹುಣಸೆ ಬೀಜ ಎಣಿಸಿದ ಮಗು ಅದು. ಒಂದು ಬೀಜ ಅಂದರೆ ಒಂದು. ಈಗ ಇದ್ದಕ್ಕಿದ್ದ ಹಾಗೆ ಒಂದು ಬಿಲ್ಲೆ ತೋರಿಸಿ ಇದು ಐದು ಅಂದರೆ ಅದು ಯಾಕೆ ನಂಬಬೇಕು? ಅದಕ್ಕೇ ಬದಲಾಯಿಸುವ ಆಟ. ಐದು ಒಂದು ರೂಪಾಯಿ ಕೊಡು, ಒಂದು ಐದು ರೂಪಾಯಿ ತಗೋ. ಮತ್ತೆ ವಾಪಸ್ ಕೊಡು. ತಿಂಗಳುಗಟ್ಟಲೆ ಇದೇ.

ಜೊತೆಗೆ ಟಂಕಸಾಲೆಯವರ ಉಪಕಾರ ಬೇರೆ. ಸ್ಕೇಲ್ ಇಟ್ಟು ಅಳೆದಿದ್ದೇನೆ. 2011ರಲ್ಲಿ ಬಂದ ಸರಣಿಯಲ್ಲಿ 2 ರೂಪಾಯಿಯ ನಾಣ್ಯ 25 ಮಿಲಿಮೀಟರ್ ಅಗಲ, 5ರದ್ದು 23. ಅದಕ್ಕೂ ಹಿಂದಿನ, ಹೆಬ್ಬೆರಳು ಎತ್ತಿದ ಕೈಯ ಚಿತ್ರವಿರುವ 1 ರೂಪಾಯಿಯೂ 25. ದೊಡ್ಡದು ಜಾಸ್ತಿ ಅಂದುಕೊಂಡ ಮಗುವಿನ ಗತಿ ಏನು? 2019ರ ಸರಣಿಯಲ್ಲಿ ಇದನ್ನು ಸರಿ ಮಾಡಿದರು. ಕಣ್ಣು ಕಾಣದವರಿಗೆ ಮುಟ್ಟಿದರೆ ತಿಳಿಯಲಿ ಅಂತ ಬೆಲೆ ಏರಿದ ಹಾಗೆ ಗಾತ್ರ, ತೂಕ ಏರಿಸಿ, 20ರ ನಾಣ್ಯಕ್ಕೆ 12 ಮೂಲೆ ಕೊಟ್ಟರು. ಒಳ್ಳೆಯ ಕೆಲಸ. ಆದರೆ ಹಳೆಯವೂ ಚಲಾವಣೆಯಲ್ಲಿವೆಯಲ್ಲ, ನನ್ನ ಡಬ್ಬಿಯಲ್ಲಿ ಎಲ್ಲವೂ ಕಲಸಿಕೊಂಡಿವೆ.

ವಾರ ಇದಕ್ಕಿಂತ ಕಷ್ಟ. ಕಾಯಿನ್ನು ಕೈಗಾದರೂ ಸಿಗುತ್ತದೆ. ಭಾನುವಾರದಿಂದ ಶನಿವಾರದವರೆಗೆ ರಾಗವಾಗಿ ಹೇಳಿಸಿದರೆ ಎಲ್ಲರೂ ಹೇಳುತ್ತಾರೆ. ನಡುವೆ ನಿಲ್ಲಿಸಿ "ಬುಧವಾರಕ್ಕೆ ಮುಂಚೆ?" ಅನ್ನಿ, ಮತ್ತೆ ಭಾನುವಾರದಿಂದ ಶುರು. ನಿನ್ನೆ ನಾಳೆ ಆಗಿದ್ದದ್ದು ಇವತ್ತು ಇವತ್ತಾಗಿ, ನಾಳೆ ನಿನ್ನೆಯಾಗುತ್ತೆ. ಬರೆಯುವಾಗ ನನಗೇ ತಲೆ ತಿರುಗಿತು. ಮಕ್ಕಳಿಗೆ ಕಳೆದದ್ದೆಲ್ಲ ನಿನ್ನೆ. ಹೋದ ವರ್ಷದ ಜಾತ್ರೆಯೂ ನಿನ್ನೆ.

ಹಾಗಂತ ಅವರಿಗೆ ವಾರ ಗೊತ್ತಿಲ್ಲ ಅಂದುಕೊಳ್ಳಬೇಡಿ. ಶಾಲೆ ನೋಡಲು ಬಂದವರೊಬ್ಬರು "ಗುರುವಾರ ಆದ ಮೇಲೆ ಯಾವ ವಾರ?" ಅಂತ ಕೇಳಿದಾಗ ಇಡೀ ಕೋಣೆ ಸುಮ್ಮನಿತ್ತು. ಅವರು ನನ್ನನ್ನು ನೋಡಿದ ನೋಟ ಈಗಲೂ ಚುಚ್ಚುತ್ತದೆ. "ಸಂತೆ ಮಾರನೇ ದಿನ?" ಅಂದೆ. "ಸುಕ್ರವಾರ!" ಅಂತ ಹೆಂಚು ಹಾರುವ ಹಾಗೆ ಕೂಗಿದರು. ನಮ್ಮ ಕಡೆ ಅದು ಬೇಸ್ತವಾರ, ಸಂತೆ ದಿನ. ಗುರುವಾರ ಪುಸ್ತಕದಲ್ಲಿದೆ. ಶನಿವಾರ ಬೆಳಗಿನ ಶಾಲೆ, ಭಾನುವಾರ ಕೋಳಿ ಸಾರು. ಬಿಸಿಯೂಟದಲ್ಲಿ ವಾರಕ್ಕೆ ಎರಡೇ ದಿನ ಮೊಟ್ಟೆ ಇದ್ದಾಗ ಆ ಎರಡು ವಾರ ಯಾರೂ ಮರೆಯುತ್ತಿರಲಿಲ್ಲ. 2024ರಿಂದ ಆರು ದಿನವೂ ಮೊಟ್ಟೆ. ಮಕ್ಕಳಿಗೆ ಒಳ್ಳೆಯದಾಯಿತು, ನನ್ನ ಪಾಠಕ್ಕೆ ಒಂದು ಗುರುತು ಹೋಯಿತು.

ಹವಾಮಾನ ನಕ್ಷೆ ತುಂಬಿಸುವಾಗ ದಿನಾ ವಾರ ಕೇಳುತ್ತೇನೆ. ಒಬ್ಬ ಹುಡುಗ ಮಂಗಳವಾರವನ್ನು ಮಾತ್ರ ಯಾವತ್ತೂ ತಪ್ಪಿಸುವುದಿಲ್ಲ. ಹೇಗೋ ಅಂದೆ. "ಅವತ್ತು ಸಂಘದವರು ಬರ್ತಾರೆ ಮಿಸ್. ಕಂತು ಕಟ್ಬೇಕು. ಅಮ್ಮನ್ನ ಏನೂ ಕೇಳಬಾರದು." ನಾನು ನಕ್ಷೆ ಕಡೆ ತಿರುಗಿ, ಇವತ್ತು ಮೋಡ ಇದೆಯಾ ನೋಡ್ರೋ ಅಂದೆ.

ಸೊಪ್ಪಿನ ಹುಡುಗಿಯ ಅಪ್ಪ ಮರುದಿನ ಮತ್ತೆ ಬಂದರು. ರಾತ್ರಿಯೆಲ್ಲ ಹಟ ಮಾಡಿದಳಂತೆ. ಒಂದು ನೂರರ ನೋಟು, ಒಂದು ಹತ್ತರದ್ದು ಕೊಟ್ಟರೆ "ಎರಡೇನಾ?" ಅಂದಳಂತೆ. ಕೊನೆಗೆ ಅಂಗಡಿಯಲ್ಲಿ 10 ರೂಪಾಯಿಯ 11 ಕಾಯಿನ್ ಕೇಳಿದ್ದಾರೆ. ಅಂಗಡಿಯವರು ಕುಣಿದುಕೊಂಡು ಕೊಟ್ಟಿದ್ದಾರೆ, ಯಾರೂ ತಗೊಳ್ಳದೆ ರಾಶಿ ಬಿದ್ದಿತ್ತಲ್ಲ.

ಹುಡುಗಿ ಚಾಪೆ ಮೇಲೆ ಕೂತು ಸಾಲಾಗಿ ಜೋಡಿಸಿದಳು. ಹತ್ತು, ಇಪ್ಪತ್ತು, ಮೂವತ್ತು. ಅಪ್ಪ ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು.

"ಮಿಸ್, ಒಂದೊಂದು ಒಂದೊಂದು ಥರ ಇವೆ. ಕೆಲವಕ್ಕೆ ರೂಪಾಯಿ ಗುರುತೇ ಇಲ್ಲ. ಇವು ನಡೆಯುತ್ತಾ?"

14 ವಿನ್ಯಾಸಗಳಲ್ಲಿವೆ, ಎಲ್ಲವೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ ಅಂದೆ. ಅವರಿಗೆ ಅಷ್ಟು ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಹುಡುಗಿ ಆಗಲೇ ತೊಂಬತ್ತಕ್ಕೆ ಬಂದಿದ್ದಳು.