ಕೆಮಿಸ್ಟ್ರಿ ಕಲಿಕೆ, ಆರನೇ ವಾರ: ಮೋಲ್ ತಕ್ಕಡಿಗೆ ಬಂತು

ಧಾರವಾಡ, ರವಿವಾರ ರಾತ್ರಿ.

ಮೂರು ವಾರದಿಂದ ಮೋಲ್ ಹತ್ತಿರವೇ ನಿಂತಿದ್ದೆ. ಒಂದು ಮೋಲ್ ಅಂದರೆ 6.02214076 × 10²³ ಕಣ; 2019ರ ಮೇ 20ರಿಂದ ಈ ಅಂಕಿಯೇ ಅದರ ವ್ಯಾಖ್ಯೆ. ಓದಿದೆ, ಬರೆದೆ, ತಲೆಗೆ ಹತ್ತಲಿಲ್ಲ. ಬುಧವಾರ ಅಂಗಡಿಯಲ್ಲಿ ಸಾಸಿವೆ ಪೊಟ್ಟಣ ಕಟ್ಟುವಾಗ ಹೊಳೆಯಿತು. ಸಾಸಿವೆಯನ್ನು ಯಾರು ಎಣಿಸಿ ಕೊಡುತ್ತಾರೆ? ತೂಗಿ ಕೊಡುತ್ತೇವೆ. ಒಂದು ಕಾಳಿನ ತೂಕ ಗೊತ್ತಿದ್ದರೆ ಎಣಿಕೆ ತೂಕದೊಳಗೇ ಇದೆ. 12 ಗ್ರಾಂ ಕಾರ್ಬನ್, 18 ಗ್ರಾಂ ನೀರು, 84 ಗ್ರಾಂ ತಿನ್ನೋ ಸೋಡಾ: ಮೂರರಲ್ಲೂ ಒಂದೊಂದು ಮೋಲ್. ದಿನವಿಡೀ ತಕ್ಕಡಿ ಹಿಡಿಯುವ ನನಗೆ ಆ ಹೊತ್ತು ಬಹಳ ಸಂತೋಷವಾಯಿತು.

ಮಾಡಿಯೇ ನೋಡೋಣ ಅಂತ 8.4 ಗ್ರಾಂ ಸೋಡಾ, ಅಂದರೆ 0.1 ಮೋಲ್ ತೆಗೆದುಕೊಂಡೆ. ಶೇ. 4ರ ವಿನಿಗರ್ 50 ಗ್ರಾಂ ಸುರಿದರೆ ತಳದಲ್ಲಿ ಸೋಡಾ ಹಾಗೇ ಉಳಿಯಿತು. ಮೊದಲು ಮುಗಿಯುವ ಸಾಮಾನೇ ಲೆಕ್ಕ ನಿಲ್ಲಿಸುತ್ತದೆ. 150 ಗ್ರಾಂ ಬೇಕಿತ್ತು.

ಎರಡನೇ ಸಲ ಪಕ್ಕದ ಬಂಗಾರದ ಅಂಗಡಿಗೆ ಹೋದೆ, ನಮ್ಮ ತಕ್ಕಡಿ ಅಷ್ಟು ಸೂಕ್ಷ್ಮ ತೋರಿಸುವುದಿಲ್ಲ. ಎರಡು ಲೀಟರಿನ ಬಾಟಲಿಯ ಕುತ್ತಿಗೆ ಕತ್ತರಿಸಿ ಇಟ್ಟಿದ್ದೆ.

"ತಮ್ಮಾ, ಏನ್ ತೂಗಾಕತ್ತೀ?"

"ಹೊರಗ ಹೋಗೋ ಗಾಳಿ ತೂಗಾಕತ್ತೀನ್ರೀ, ಕಾಕಾ."

ಸೋಡಾ, ವಿನಿಗರ್ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಅನಿಲ ಹೊರಬರುತ್ತದೆ; 0.1 ಮೋಲ್ ಸೋಡಾದಿಂದ 0.1 ಮೋಲ್ ಅನಿಲ ಹೊರಟರೆ 4.4 ಗ್ರಾಂ ಇಳಿಯಬೇಕು. ನೊರೆ ಪೂರ್ತಿ ಇಳಿದ ಮೇಲೂ ಕಡಿಮೆಯಾಗಿದ್ದು 3.7. ಎಲ್ಲಿ ತಪ್ಪಿದೆ ಅಂತ ಬಾಟಲಿಯನ್ನೇ ನೋಡುತ್ತ ನಿಂತೆ. ಆಮೇಲೆ ನೆನಪಾಯಿತು, ಈ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಬಾಟಲಿಯೊಳಗೇ ಕೂತಿರಬೇಕು. ಒಂದು ರಟ್ಟಿನಿಂದ ಬಾಯಿಗೆ ಗಾಳಿ ಬೀಸಿದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ತಕ್ಕಡಿಯ ಕೆಂಪು ಅಂಕಿ ಇಳಿಯುತ್ತ ಹೋಗಿ 4.1ಕ್ಕೆ ನಿಂತಿತು! ಕಾಕಾ ಕನ್ನಡಕ ಏರಿಸಿ ಎರಡು ಸಲ ನೋಡಿದರು. ಬಾಟಲಿ ಅಲ್ಲಾಡಿಸಿದಾಗ ಮತ್ತೆ ಗುಳ್ಳೆ ಎದ್ದವು, 4.2 ಆಯಿತು. ಉಳಿದದ್ದರಲ್ಲಿ ಸ್ವಲ್ಪ ಇನ್ನೂ ನೀರಲ್ಲೇ ಕರಗಿದೆ.

ಸಮೀಕರಣ ಸರಿದೂಗಿಸುವುದು ಈಗ ಬೇಸರವಿಲ್ಲ, ಜಮಾ ಖರ್ಚಿನ ಪುಸ್ತಕದ ಹಾಗೆ ಬರೆಯುತ್ತಿದ್ದೇನೆ.

ಬರುವ ವಾರ ಅನಿಲಗಳ ನಿಯಮ. ಮೋಲಿಗೆ 22.4 ಲೀಟರ್ ಅನ್ನುವುದು ಸೊನ್ನೆ ಡಿಗ್ರಿ, ಸಮುದ್ರಮಟ್ಟದ ಒತ್ತಡದ ಲೆಕ್ಕ. ಧಾರವಾಡ 700 ಮೀಟರಿಗಿಂತ ಎತ್ತರ, ಸೆಕೆ ಬೇರೆ. ಇಲ್ಲಿ ಅದಕ್ಕಿಂತ ಹೆಚ್ಚೇ ಬರಬೇಕು. ಬಲೂನು ತಂದಿಟ್ಟಿದ್ದೇನೆ.