ಸನ್ನತಿಯಲ್ಲಿ ಒಂದು ಭಾನುವಾರ

ನಮ್ಮ ಇತಿಹಾಸ ಬಳಗದ ಈ ತಿಂಗಳ ಉಪನ್ಯಾಸವು ಸಭಾಂಗಣದ ಬದಲು ಭೀಮೆಯ ದಂಡೆಯ ಸನ್ನತಿಯಲ್ಲಿ, ಕಲಬುರಗಿಯಿಂದ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋದ ಹದಿನೈದು ಮಂದಿಯ ನಡುವೆ ನಡೆಯಿತು. 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನವೆಂದು ತಿಳಿದುಬಂದ ಸಂಗತಿಯನ್ನು ಹಿರಿಯರೊಬ್ಬರು ವಿವರಿಸಿದರು. ವಿಗ್ರಹವನ್ನು ನಿಲ್ಲಿಸಲು ಕಲ್ಲಿನ ನಡುವೆ ಕೊರೆದ ರಂಧ್ರದಲ್ಲಿ ಎಷ್ಟೋ ಅಕ್ಷರಗಳು ಹೋಗಿಬಿಟ್ಟಿವೆ. ಆದರೂ ಪೀಠವಾಗಿ ಪೂಜೆಗೊಂಡದ್ದರಿಂದಲೇ ಉಳಿದ ಅಕ್ಷರಗಳು ನಮ್ಮವರೆಗೆ ಬಂದವೇನೋ ಎಂದು ನನಗನ್ನಿಸಿತು. ಸಮೀಪದ ಕನಗನಹಳ್ಳಿಯ ಸ್ತೂಪದ ಫಲಕದಲ್ಲಿ, ರಾಣಿಯೊಡನೆ ನಿಂತ ಅರಸನ ಶಿಲ್ಪದ ಜೊತೆ ಬ್ರಾಹ್ಮೀ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಬರೆದಿದೆ. ಬಳಗದ ಅತಿ ಕಿರಿಯ ಸದಸ್ಯೆ, ಒಂಬತ್ತನೆಯ ತರಗತಿಯ ಹುಡುಗಿ, ಆ ಐದು ಅಕ್ಷರಗಳನ್ನು ತನ್ನ ನೋಟ್‌ಬುಕ್ಕಿನಲ್ಲಿ ತಿದ್ದಿ ತಿದ್ದಿ ಬರೆದುಕೊಂಡಳು.