ಬೂಷ್ಟು ಒರೆಸುತ್ತ ಓದಿದ್ದು

ಶಿರಸಿಯಲ್ಲಿ ನಾಲ್ಕು ದಿನದಿಂದ ಬಿಡದ ಮಳೆ. ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಕಪಾಟು ತೆಗೆದರೆ ಪುಸ್ತಕಗಳ ಬೆನ್ನಿಗೆಲ್ಲ ಬಿಳಿ ಬೂಷ್ಟು. ಹಳೆಯ ಪಂಚೆಯ ತುಂಡು ಹಿಡಿದು ಒಂದೊಂದನ್ನೇ ಒರೆಸುತ್ತ ಕೂತಿದ್ದೆ. ಯಶವಂತ ಚಿತ್ತಾಲರ ‘ಶಿಕಾರಿ’ ಸಿಕ್ಕಿದ್ದೇ ತಡ, ಒರೆಸುವ ಕೆಲಸ ಅಲ್ಲಿಗೇ ನಿಂತಿತು.

1979ರ ಕಾದಂಬರಿ. ಕಾಲೇಜಿನಲ್ಲಿ ಓದಲು ಹೋಗಿ ಅರ್ಧಕ್ಕೇ ಸುಸ್ತಾಗಿದ್ದೆ. ಈ ಕಥಾನಾಯಕ ನಾಗಪ್ಪ ಎಲ್ಲರನ್ನೂ ಇಷ್ಟೇಕೆ ಅನುಮಾನಿಸುತ್ತಾನೆ ಎಂದು ರೇಗಿತ್ತು. ಹತ್ತು ವರ್ಷ ಕಚೇರಿಯಲ್ಲಿ ಸವೆಸಿದ ಮೇಲೆ, ಅವನ ಅನುಮಾನ ಕಡಿಮೆಯೇ ಆಯಿತು ಅನ್ನಿಸುತ್ತಿದೆ. ಮುಂಬಯಿಯ ಕಂಪನಿಯೊಳಗಿನ ಆ ಉಸಿರುಗಟ್ಟಿಸುವ ಬೇಟೆಯನ್ನು ಬರೆದವರು ನಮ್ಮ ಕರಾವಳಿಯ ಹನೇಹಳ್ಳಿಯವರು ಎಂಬುದು ಪ್ರತಿ ಸಲವೂ ಹೊಸದಾಗಿ ಹೆಮ್ಮೆ ತರುತ್ತದೆ.

ನಡುನಡುವೆ ಉಸಿರಾಡಲು ಅಮರ ಚಿತ್ರಕಥೆ. ಅಕ್ಕನ ಮಗಳದು, ಕದ್ದು ಓದಿದ್ದು. 1967ರಲ್ಲಿ ಮುಂಬಯಿಯಲ್ಲಿ ಈ ಮಾಲೆ ಶುರುಮಾಡಿದ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ. ಕರಾವಳಿಗೂ ಮುಂಬಯಿಗೂ ಏನು ನಂಟೋ! ಚಿತ್ರಗಳು ಈಗಲೂ ಕಣ್ಣು ಕೀಳಲು ಬಿಡುವುದಿಲ್ಲ. ಆದರೆ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದ ಪುಟ್ಟಿ, “ಮಾವ, ರಾಕ್ಷಸರೇ ಏಕೆ ಯಾವಾಗಲೂ ಕಪ್ಪು?” ಎಂದಳು. ಆ ವಯಸ್ಸಿನಲ್ಲಿ ನನಗೆ ಈ ಪ್ರಶ್ನೆ ಹೊಳೆದಿರಲೇ ಇಲ್ಲ. ಉತ್ತರ ಹುಡುಕುವಷ್ಟರಲ್ಲಿ ಅವಳು ಹಲಸಿನ ಹಪ್ಪಳದ ಡಬ್ಬಿಯತ್ತ ಓಡಿದ್ದಳು.

ಸೋಮವಾರ ಕುಮಟೆಗೆ ಹೋಗುವುದಿದೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಓದಿದರೆ ಹೊಟ್ಟೆ ತೊಳಸುತ್ತದೆ, ಆದರೂ ನಾಗಪ್ಪ ಚೀಲ ಸೇರಿದ್ದಾನೆ. ಆಯಿ ಮಾತ್ರ ಕಪಾಟಿನ ಮುಂದೆ ನಿಂತು ಕೇಳುತ್ತಿದ್ದಾಳೆ: “ಉಳಿದದ್ದನ್ನು ಯಾರು ಒರೆಸಬೇಕು?”